ಸುಕ್ಕು ತರುವ ಸಂದೇಶ

ಕವಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಯಶೌಘನೆಂಬ ಅರಸನ ಪ್ರಸಂಗ ಬರುತ್ತದೆ. ತಲೆಯಲ್ಲಿ ನರೆ ಮೂಡಿದ್ದನ್ನು ಕಂಡ ಆತ ಅದನ್ನು ಮರೆಮಾಚಲು ಹೊರಡಲಿಲ್ಲ. ಮಗ ಯಶೋಧರನಿಗೆ ಪಟ್ಟ ಕಟ್ಟಿ ತಪಸ್ಸಿಗೆ ತೆರಳಿದ. ಜೈನ ಕಾವ್ಯಗಳಲ್ಲಿ ನರೆಯಾಗಲಿ ಸುಕ್ಕಾಗಲಿ ಶತ್ರುವಲ್ಲ. ಆಯುಷ್ಯದ ಹೊತ್ತು ಇಳಿಯುತ್ತಿದೆ ಎಂದು ತಿಳಿಸಲು ಬಂದ ದೂತ.

ಇಂದು ಆ ದೂತನನ್ನು ಬಾಗಿಲಲ್ಲೇ ತಡೆಯುವ ಸೂಜಿಮದ್ದು ಊರೂರಿನ ಸೌಂದರ್ಯ ಚಿಕಿತ್ಸಾಲಯಗಳಲ್ಲಿ ದೊರೆಯುತ್ತಿದೆ. ಬೊಟಾಕ್ಸ್ ಎಂಬ ವ್ಯಾಪಾರನಾಮದಿಂದ ಪ್ರಸಿದ್ಧವಾದ ಇದರ ಮೂಲದ್ರವ್ಯ ಬೊಟುಲಿನಂ ಎಂಬ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಉತ್ಪಾದಿಸುವ ಈ ವಿಷವು ಮನುಷ್ಯನಿಗೆ ತಿಳಿದಿರುವ ಅತ್ಯುಗ್ರ ವಿಷಗಳಲ್ಲೊಂದು. ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ಹುಬ್ಬುಗಳ ನಡುವೆ ಅಥವಾ ಹಣೆಯಲ್ಲಿ ಚುಚ್ಚಿದಾಗ ನರವು ಸ್ನಾಯುವಿಗೆ ಕಳುಹಿಸುವ ಸೂಚನೆ ತಡೆಯಲ್ಪಡುತ್ತದೆ. ಸ್ನಾಯು ಸಡಿಲಗೊಂಡು ಗೆರೆ ಮಾಸುತ್ತದೆ. ಮೂರು ನಾಲ್ಕು ತಿಂಗಳು ಕಳೆದರೆ ಗೆರೆ ಮತ್ತೆ ಮೂಡುತ್ತದೆ. ಸೂಜಿಯೂ ಮತ್ತೆ ಬೇಕಾಗುತ್ತದೆ.

ಈ ಮದ್ದು ಹುಟ್ಟಿದ್ದು ಸೌಂದರ್ಯಕ್ಕಾಗಿ ಅಲ್ಲ. 1989ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟದ್ದು ಮೆಳ್ಳೆಗಣ್ಣು ಹಾಗೂ ರೆಪ್ಪೆಗಳ ಸೆಳೆತದಿಂದ ನರಳುವವರಿಗಾಗಿ. ರೆಪ್ಪೆಯ ಸೆಳೆತಕ್ಕೆ ಚಿಕಿತ್ಸೆ ನೀಡುತ್ತಿದ್ದ ಕೆನಡಾದ ನೇತ್ರವೈದ್ಯೆ ಜೀನ್ ಕರುದರ್ಸ್, ರೋಗಿಯ ಹುಬ್ಬಿನ ನಡುವಿನ ಗೆರೆಯೂ ಮಾಯವಾದುದನ್ನು ಗಮನಿಸಿದರು. 2002ರಲ್ಲಿ ಆ ಗೆರೆಗೂ ಒಪ್ಪಿಗೆ ದೊರೆಯಿತು. ರೋಗಕ್ಕೆ ಬಳಸುವ ಮದ್ದನ್ನು ಜೈನಧರ್ಮ ಎಂದೂ ನಿಂದಿಸಿಲ್ಲ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಔಷಧಕ್ಕೂ ಸ್ಥಾನವಿದೆ. ಕಣ್ಣು ತೆರೆಯಲಾರದವನ ಕಣ್ಣು ತೆರೆಸುವುದು ಪುಣ್ಯಕಾರ್ಯವೇ. ಆದರೆ ಸುಕ್ಕು ರೋಗವೇ ಎಂಬುದನ್ನು ಶ್ರಾವಕನು ಕೇಳಿಕೊಳ್ಳಬೇಕು.

ಈ ಪ್ರಶ್ನೆಗೆ ಕಾರಣವಿದೆ. ಈ ಮದ್ದನ್ನು ಅಳೆಯುವುದು ‘ಯೂನಿಟ್’ ಎಂಬ ಮಾನದಿಂದ. ಒಂದು ಗುಂಪಿನ ಇಲಿಗಳಿಗೆ ವಿಷ ಚುಚ್ಚಿದಾಗ ಅವುಗಳಲ್ಲಿ ಅರ್ಧದಷ್ಟು ಸಾಯುವುದಕ್ಕೆ ಎಷ್ಟು ಬೇಕೋ ಅದೇ ಒಂದು ಯೂನಿಟ್. ಹುಬ್ಬಿನ ನಡುವಿನ ಗೆರೆಗೆ ಬೊಟಾಕ್ಸಿನ ನಿಗದಿತ ಪ್ರಮಾಣ ಇಂಥ 20 ಯೂನಿಟ್. ತಯಾರಾದ ಮದ್ದಿನ ಬಲವನ್ನು ಬಹುಕಾಲ ಇದೇ ರೀತಿ ಪರೀಕ್ಷಿಸಲಾಗುತ್ತಿತ್ತು. 2011ರಲ್ಲಿ ಇಲಿಗಳ ಬದಲು ಜೀವಕೋಶಗಳ ಮೇಲೆ ನಡೆಸುವ ಪರೀಕ್ಷೆಗೆ ಒಪ್ಪಿಗೆ ದೊರೆತ ಮೇಲೆ ಪರಿಸ್ಥಿತಿ ಸುಧಾರಿಸಿದೆ. ಅದು ಸಂತೋಷದ ಸಂಗತಿ. ಆದರೂ ಯೂನಿಟ್ ಎಂಬ ಆ ಮಾನದಲ್ಲಿ ಪಂಚೇಂದ್ರಿಯ ಜೀವಿಗಳ ಸಾವಿನ ಲೆಕ್ಕ ಅಡಗಿಯೇ ಇದೆ. ಜನ್ನನ ಕಾವ್ಯದಲ್ಲಿ ಯಶೋಧರನು ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆ ಸಂಕಲ್ಪದ ಹಿಂಸೆಯೇ ಅವನನ್ನು ಜನ್ಮಜನ್ಮಾಂತರ ಅಲೆಸಿತು. ಪ್ರಯೋಗಶಾಲೆಯ ಇಲಿಯಂತೂ ಹಿಟ್ಟಿನದಲ್ಲ.

ಸೂಜಿ ಹಾಕಿಸಿಕೊಳ್ಳುವವರಿಗೆ ಕೊಲ್ಲುವ ಸಂಕಲ್ಪವಿಲ್ಲ, ನಿಜ. ಗೃಹಸ್ಥಜೀವನದಲ್ಲಿ ಅಡುಗೆ, ಬೇಸಾಯ, ಉದ್ಯೋಗಗಳಲ್ಲಿ ತಪ್ಪಿಸಲಾಗದ ಹಿಂಸೆ ಇದ್ದೇ ಇದೆಯೆಂದು ಆಚಾರ್ಯರೂ ಬಲ್ಲರು. ಆದ್ದರಿಂದಲೇ ಅವರು ‘ಅನರ್ಥದಂಡ ವಿರತಿ’ಯನ್ನು ಶ್ರಾವಕವ್ರತಗಳಲ್ಲಿ ಸೇರಿಸಿದರು. ಪ್ರಯೋಜನವಿಲ್ಲದ ಕಾರ್ಯಕ್ಕಾಗಿ ಜೀವಪೀಡೆಗೆ ಪಾಲುದಾರನಾಗದಿರುವುದೇ ಆ ವ್ರತ. ಮೆಳ್ಳೆಗಣ್ಣಿನ ಮಗುವಿಗೆ ಸೂಜಿಯಿಂದ ಪ್ರಯೋಜನವಿದೆ. ನಾಲ್ಕು ತಿಂಗಳ ನುಣುಪಿನಿಂದ ಆತ್ಮಕ್ಕೆ ಯಾವ ಪ್ರಯೋಜನ?

ಹಾಗೆಂದು ಸೂಜಿ ಹಾಕಿಸಿಕೊಂಡವರನ್ನು ಹಳಿಯುವುದೂ ಹಿಂಸೆಯೇ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹೇಳಿದ ಎಂಟು ಮದಗಳಲ್ಲಿ ಶರೀರಮದವೂ ಒಂದು. ಆದರೆ ಚಿಕಿತ್ಸಾಲಯದ ಮೆಟ್ಟಿಲೇರುವ ಅನೇಕರಲ್ಲಿ ಇರುವುದು ಮದವಲ್ಲ, ಭಯ. ಮಗಳ ಮದುವೆಯ ಚಿತ್ರಗಳಲ್ಲಿ ಮುದುಕಿಯಂತೆ ಕಂಡೇನೆಂಬ ತಾಯಿಯ ಭಯ. ವಯಸ್ಸಾಯಿತೆಂದು ಕಚೇರಿಯಲ್ಲಿ ಬದಿಗೆ ಸರಿಸಿಯಾರೆಂಬ ನೌಕರನ ಭಯ. ಆ ಭಯವನ್ನು ಬಿತ್ತಿದ್ದು “ಎಷ್ಟು ಸೊರಗಿಹೋದಿರಿ” ಎಂಬ ಬಂಧುಗಳ ಮಾತು. ಆದ್ದರಿಂದ ಮೊದಲು ವ್ರತ ಕೈಗೊಳ್ಳಬೇಕಾದದ್ದು ನಾಲಗೆ. ಇನ್ನೊಬ್ಬರ ಮುಖದ ವಯಸ್ಸನ್ನು ಎಣಿಸದಿರುವುದೂ ಅಭಯದಾನವೇ.

ಮಿಂದು ಮಡಿಯುಟ್ಟು ಹಿತಮಿತವಾಗಿ ಅಲಂಕರಿಸಿಕೊಳ್ಳುವುದು ಗೃಹಸ್ಥನಿಗೆ ನಿಷಿದ್ಧವಲ್ಲ. ಅದಕ್ಕೊಂದು ಮಿತಿಯಿರಲೆಂದೇ ಭೋಗೋಪಭೋಗ ಪರಿಮಾಣ ವ್ರತವಿರುವುದು. ದೇಹ ಪುದ್ಗಲ, ಬೆಳೆಯುವುದೂ ಬಾಡುವುದೂ ಅದರ ಸ್ವಭಾವ. ದ್ವಾದಶಾನುಪ್ರೇಕ್ಷೆಗಳಲ್ಲಿ ಮೊದಲನೆಯದಾದ ಅನಿತ್ಯಾನುಪ್ರೇಕ್ಷೆ ಇದನ್ನೇ ನೆನಪಿಸುತ್ತದೆ. ಸೂಜಿಗೆ ದಿನ ಗೊತ್ತುಮಾಡುವ ಮುನ್ನ ಎರಡು ಘಳಿಗೆ, ಅಂದರೆ 48 ನಿಮಿಷ, ಸಾಮಾಯಿಕದಲ್ಲಿ ಕುಳಿತು ನೋಡಬಹುದು. ನಕ್ಕದ್ದು, ಅತ್ತದ್ದು, ಮಕ್ಕಳಿಗಾಗಿ ನಿದ್ದೆಗೆಟ್ಟದ್ದು ಎಲ್ಲವೂ ಆ ಗೆರೆಗಳಲ್ಲಿವೆ. ಅಳಿಸಿದರೂ ಕಾಲ ನಿಲ್ಲದು. ಯಶೌಘನಂತೆ ಅರಮನೆ ತೊರೆಯುವುದು ಎಲ್ಲರಿಂದಾಗದು. ದೂತನ ಮಾತನ್ನು ಕೇಳಿಸಿಕೊಳ್ಳುವುದು ಎಲ್ಲರಿಗೂ ಸಾಧ್ಯ.