ವಾಹನದ ಟ್ಯಾಂಕಿಗೆ ಹೊಲದ ಫಸಲು: ಲಾಭ ಯಾರಿಗೆ, ನೀರು ಯಾರದು?



ಊರ ಹತ್ತಿರದ ಬಂಕಿನಲ್ಲಿ ನಿಮ್ಮ ಮೋಟಾರ್ ಸೈಕಲ್ಲಿಗೆ 5 ಲೀಟರ್ ಪೆಟ್ರೋಲು ಹಾಕಿಸಿದಿರಿ ಎನ್ನಿ. ಅದರಲ್ಲಿ ಸುಮಾರು 1 ಲೀಟರ್ ಪೆಟ್ರೋಲೇ ಅಲ್ಲ. ಅದು ಎಥನಾಲ್. ಅಂದರೆ ಕಬ್ಬಿನ ಹಾಲು, ಕಾಕಂಬಿ, ಮೆಕ್ಕೆಜೋಳ, ನುಚ್ಚಕ್ಕಿ ಇವುಗಳಿಗೆ ಹುದುಗು ಬರಿಸಿ, ಬಟ್ಟಿ ಇಳಿಸಿ, ನೀರಿನಂಶ ತೆಗೆದ ಮದ್ಯಸಾರ. 2003ರಲ್ಲಿ ಕೆಲವು ರಾಜ್ಯಗಳಲ್ಲಿ ಶೇ. 5ರ ಬೆರಕೆಯಿಂದ ಆರಂಭವಾದ ಈ ಕ್ರಮ 2022ರ ಜೂನ್ ವೇಳೆಗೆ ಶೇ. 10ಕ್ಕೂ 2025ರಲ್ಲಿ ಶೇ. 20ಕ್ಕೂ ಮುಟ್ಟಿತು. ಮೊದಲು 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು ಐದು ವರ್ಷ ಮುಂಚೆಯೇ ತಲುಪಿದ್ದಾಯಿತು.

ಪಟ್ಟಣಗಳಲ್ಲಿ ಇದರ ಬಗ್ಗೆ ಎದ್ದ ಗದ್ದಲವೆಲ್ಲ ಮೈಲೇಜಿನದು. ನಮ್ಮ ಓದುಗರ ಸ್ಥಿತಿ ಬೇರೆ. ನೀವು ಈ ಇಂಧನವನ್ನು ಕೊಳ್ಳುವವರೂ ಹೌದು, ಅದರ ಕಚ್ಚಾಮಾಲು ಬೆಳೆಯುವವರೂ ಹೌದು. ಆದ್ದರಿಂದ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಎರಡು ಪುಟಗಳಿರಬೇಕು.

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ಬಹುಪಾಲು ಹೊರಗಿನಿಂದಲೇ ಬರಬೇಕು. ಎಥನಾಲ್ ಬೆರಕೆಯಿಂದ 2014-15ರಿಂದೀಚೆಗೆ 1.4 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ವಿದೇಶಿ ವಿನಿಮಯ ಉಳಿಯಿತೆಂದು ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ಲೆಕ್ಕ ಕೊಟ್ಟಿದೆ. ಅರಬ್ಬರ ದೇಶಕ್ಕೆ ಹೋಗುವ ಹಣ ನಮ್ಮ ಹಳ್ಳಿಯ ಕಡೆಗೆ ತಿರುಗುವುದಾದರೆ ಬೇಡವೆನ್ನುವವರಾರು? ಸಕ್ಕರೆ ಮಾರಾಟವಾಗಲು ತಿಂಗಳುಗಟ್ಟಲೆ ಬೇಕು, ಎಥನಾಲಿನ ಹಣವಾದರೋ ತೈಲ ಕಂಪನಿಗಳಿಂದ ಬೇಗ ಕೈಸೇರುತ್ತದೆ. ಕಬ್ಬು ಕಳಿಸಿ ಎರಡು ವರ್ಷ ಬಾಕಿಗಾಗಿ ಅಲೆದವರಿಗೆ ಈ ಒಂದು ಅನುಕೂಲದ ಬೆಲೆ ಗೊತ್ತು. ಎಥನಾಲ್ ಬೆರೆತ ಪೆಟ್ರೋಲು ಎಂಜಿನ್ನಿನಲ್ಲಿ ಶುದ್ಧವಾಗಿ ಉರಿಯುತ್ತದೆ, ಬಡಿತವೂ ಕಡಿಮೆ.

ಇನ್ನು ವಾಹನದ ಮಾತು. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲಿನಷ್ಟು ಶಕ್ತಿ ಕಡಿಮೆ. ಐದರಲ್ಲೊಂದು ಪಾಲು ಅದನ್ನು ಬೆರೆಸಿದರೆ ಓಟ ಸ್ವಲ್ಪ ಕುಗ್ಗಲೇಬೇಕು. ಶೇ. 10ರ ಬೆರಕೆಗೆ ಹೊಂದಿಸಿದ ಹಳೆಯ ಕಾರುಗಳಲ್ಲಿ ಶೇ. 6-7, ದ್ವಿಚಕ್ರ ವಾಹನಗಳಲ್ಲಿ ಶೇ. 3-4 ಮೈಲೇಜು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಆದರೂ ಬಂಕಿನಲ್ಲಿ ಲೀಟರಿಗೆ ನಾಲ್ಕಾಣೆಯನ್ನೂ ಇಳಿಸಲಿಲ್ಲ. ಬೆರಕೆಯಿಲ್ಲದ ಪೆಟ್ರೋಲನ್ನೂ ಮಾರುವಂತೆ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. 2023ರ ಏಪ್ರಿಲ್ ನಂತರ ತಯಾರಾದ ವಾಹನಗಳ ರಬ್ಬರು, ಪ್ಲಾಸ್ಟಿಕ್ ಭಾಗಗಳು ಈ ಬೆರಕೆಯನ್ನು ತಡೆದುಕೊಳ್ಳುವಂಥವು. ಅದಕ್ಕೂ ಹಿಂದಿನ ಗಾಡಿಯಾದರೆ ಪೆಟ್ರೋಲ್ ಪೈಪು, ವಾಷರುಗಳನ್ನು ಸರ್ವಿಸಿನ ಹೊತ್ತಿನಲ್ಲಿ ನೋಡಿಸಿ, ಬಿರುಕು ಬಿಟ್ಟಿದ್ದರೆ ಬದಲಾಯಿಸಿ.

ನಿತ್ಯ ಓಡುವ ಮೋಟಾರ್ ಸೈಕಲ್ಲಿಗಿಂತ ನಮಗೆ ಹೆಚ್ಚು ಚಿಂತೆಯಿರುವುದು ನಿಮ್ಮ ಕೊಟ್ಟಿಗೆಯಲ್ಲಿ ತೂಗುಹಾಕಿದ ಪವರ್ ಸ್ಪ್ರೇಯರ್, ಕಳೆ ಕೊಚ್ಚುವ ಯಂತ್ರ, ಸಣ್ಣ ಪೆಟ್ರೋಲ್ ಪಂಪುಗಳ ಬಗ್ಗೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಅಡಿಕೆಗೆ ಔಷಧಿ ಹೊಡೆದು ಅರ್ಧ ಟ್ಯಾಂಕು ಹಾಗೆಯೇ ಬಿಟ್ಟು ಯಂತ್ರವನ್ನು ನಾಲ್ಕು ತಿಂಗಳು ಮೂಲೆಗಿಟ್ಟರೆ, ನೀರು ಕುಡಿದ ಎಥನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಕಾರ್ಬುರೇಟರಿನೊಳಗೆ ಅಂಟು, ತುಕ್ಕು ಕಟ್ಟುತ್ತವೆ. ಒಳಗಿನ ತೆಳುಪರದೆ ಬಿರುಸಾಗುತ್ತದೆ. ಮುಂದಿನ ಮಳೆಗಾಲದಲ್ಲಿ ಹಗ್ಗ ಎಳೆದೆಳೆದು ತೋಳು ಸೋಲುವುದು ಇದರಿಂದಲೇ. ಕೆಲಸ ಮುಗಿದ ದಿನ ಟ್ಯಾಂಕು ಬರಿದು ಮಾಡಿ, ಉಳಿದ ಹನಿಗಳು ತೀರಿ ತಾನಾಗಿಯೇ ನಿಲ್ಲುವವರೆಗೆ ಯಂತ್ರವನ್ನು ಓಡಿಸಿ ಇಡಿ. ಆಯಿಲ್ ಬೆರೆಸಿದ ಪೆಟ್ರೋಲನ್ನು ಆಯಾ ವಾರಕ್ಕೆ ಬೇಕಾದಷ್ಟೇ ಮಾಡಿಕೊಳ್ಳಿ. ಮಳೆಗಾಲದಲ್ಲಿ ಮೋಟಾರ್ ಸೈಕಲ್ಲಿನ ಟ್ಯಾಂಕನ್ನು ತುಂಬಿಯೇ ಇಡುವುದು ಒಳ್ಳೆಯದು. ಖಾಲಿ ಜಾಗ ಹೆಚ್ಚಿದ್ದಷ್ಟೂ ಒಳಗೆ ತೇವ ಹೆಚ್ಚು.

ಇದು ಕೊಳ್ಳುವವನ ಪುಟವಾಯಿತು. ಬೆಳೆಯುವವನ ಪುಟ ಇದಕ್ಕಿಂತ ಭಾರವಾದದ್ದು.

ಒಂದು ಟನ್ ಕಬ್ಬಿನ ಹಾಲಿನಿಂದ ಸುಮಾರು 70 ಲೀಟರ್ ಎಥನಾಲ್ ಬರುತ್ತದೆ. ಮೇಲೆ ಹೇಳಿದ ವರದಿಯೇ, ಹೀಗೆ ಕಬ್ಬಿನಿಂದ ತೆಗೆದ ಒಂದು ಲೀಟರ್ ಎಥನಾಲಿಗೆ ಸುಮಾರು 2,860 ಲೀಟರ್ ನೀರು ಬೇಕೆಂದು ಅಂದಾಜು ಮಾಡಿದೆ. 200 ಲೀಟರಿನ ಡ್ರಮ್ಮುಗಳಲ್ಲಿ ಎಣಿಸಿದರೆ ಹದಿನಾಲ್ಕು ಡ್ರಮ್ಮು. ನಿಮ್ಮ ಆ 5 ಲೀಟರ್ ಪೆಟ್ರೋಲಿನ ಹಿಂದೆ ಇಷ್ಟು ನೀರು ನಿಂತಿದೆ. ಕೃಷ್ಣೆ, ಘಟಪ್ರಭೆ, ಕಾವೇರಿಯ ಕಾಲುವೆ ನೀರಾದರೆ ಒಂದು ಮಾತು. ಸಾವಿರ ಅಡಿ ಕೊಳವೆಬಾವಿಯ ನೀರನ್ನು ಎತ್ತಿ, ಕಬ್ಬು ಬೆಳೆದು, ಆ ಕಬ್ಬನ್ನು ಕಾರಿಗೆ ಕುಡಿಸುವುದು ಯಾವ ಲೆಕ್ಕಕ್ಕೂ ಸರಿಹೊಂದದು. ಪೆಟ್ರೋಲು ಉಳಿಸಲು ಹೋಗಿ ಅದಕ್ಕಿಂತ ದುರ್ಲಭವಾದುದನ್ನು ಸುಟ್ಟಂತಾಯಿತು.

ಕಾಕಂಬಿಯ ಮಾತು ಬೇರೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ ಹೇಗಿದ್ದರೂ ಬರುತ್ತದೆ, ಅದಕ್ಕಾಗಿ ಬೇರೆ ನೀರು, ಬೇರೆ ಹೊಲ ಬೇಡ. ಆದರೆ ಹಾಗೆ ಉಳಿದ ಕಾಕಂಬಿಯಿಂದ ಟನ್ ಕಬ್ಬಿಗೆ ಹತ್ತು ಹನ್ನೊಂದು ಲೀಟರ್ ಮಾತ್ರ ಎಥನಾಲ್ ಸಿಕ್ಕೀತು. ದೇಶದ ವಾಹನಗಳಿಗೆಲ್ಲ ಶೇ. 20 ಬೆರೆಸಲು ಅದು ಸಾಲದು. ಸಾಲದೆಂದೇ ಕಬ್ಬಿನ ಹಾಲಿಗೆ ಕೈಹಾಕಿದರು, ಅದೂ ಸಾಲದೆ ಮೆಕ್ಕೆಜೋಳಕ್ಕೆ, ಅಕ್ಕಿಗೆ ಬಂದರು.

2023ರಲ್ಲಿ ಏನಾಯಿತೆಂಬುದನ್ನು ಕಬ್ಬು ಬೆಳೆಗಾರರು ಮರೆಯಬಾರದು. ಆ ವರ್ಷ ಮಳೆ ಕೈಕೊಟ್ಟು ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಸಕ್ಕರೆ ಸಾಲದಾಗುವ ಭಯ ಕಂಡೊಡನೆ ಕೇಂದ್ರ ಸರ್ಕಾರ ಡಿಸೆಂಬರ್ 7ರಂದು ಕಬ್ಬಿನ ಹಾಲನ್ನು ಎಥನಾಲಿಗೆ ಬಳಸಬಾರದೆಂದು ಆಜ್ಞೆ ಹೊರಡಿಸಿತು. ಕೆಲವೇ ದಿನಗಳಲ್ಲಿ ಅದನ್ನು ಸಡಿಲಿಸಿ, 17 ಲಕ್ಷ ಟನ್ ಸಕ್ಕರೆಗೆ ಸಮನಾದಷ್ಟನ್ನು ತಿರುಗಿಸಿಕೊಳ್ಳಬಹುದೆಂದು ಮಿತಿ ಹಾಕಿತು. ನಿರ್ಬಂಧ ತೆಗೆದದ್ದು 2024ರ ಆಗಸ್ಟಿನಲ್ಲಿ. ಸರ್ಕಾರ ಮಾಡಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಊಟಕ್ಕಿಲ್ಲದಾಗ ವಾಹನಕ್ಕೆ ಕೊಡಲಾದೀತೆ? ಆದರೆ ಈ ಮಾರುಕಟ್ಟೆಯ ಬಾಗಿಲು ಎಷ್ಟು ಬೇಗ ಮುಚ್ಚಬಲ್ಲದೆಂಬುದು ಆಗ ತಿಳಿಯಿತು. ಕಾರ್ಖಾನೆ ತನ್ನ ನಷ್ಟಕ್ಕೆ ದೆಹಲಿಗೆ ಹೋಗಿ ಅಹವಾಲು ಹೇಳಿಕೊಳ್ಳುತ್ತದೆ. ಸಾಲ ಮಾಡಿ ಕೊಳವೆಬಾವಿ ಕೊರೆಸಿ ಕಬ್ಬು ಹಾಕಿದವನು ಎಲ್ಲಿಗೆ ಹೋಗಬೇಕು?

ಮೆಕ್ಕೆಜೋಳದ ಕಥೆ ಇನ್ನೂ ಈಚಿನದು. ಒಂದು ಕ್ವಿಂಟಲ್ ಮೆಕ್ಕೆಜೋಳದಿಂದ ಸುಮಾರು 38 ಲೀಟರ್ ಎಥನಾಲ್ ಸಿಗುತ್ತದೆ. ಕಬ್ಬಿನ ಮೇಲೆ ನಿರ್ಬಂಧ ಬಿದ್ದಾಗ ಡಿಸ್ಟಿಲರಿಗಳು ಇದರತ್ತ ಮುಗಿಬಿದ್ದವು. ದರ ಏರಿತು, ಕೋಳಿ ಸಾಕುವವರು ಬೊಬ್ಬೆ ಹಾಕಿದರು, ಮೆಕ್ಕೆಜೋಳ ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ಆಮದು ಮಾಡಿಕೊಂಡಿತು. ದರ ನೋಡಿ ದಾವಣಗೆರೆ, ಹಾವೇರಿ, ಗದಗ ಸೀಮೆಯಲ್ಲಿ ರೈತರು ಹತ್ತಿ, ಶೇಂಗಾ ಬಿಟ್ಟು ಇದನ್ನೇ ಬಿತ್ತಿದರು. 2025ರ ನವೆಂಬರಿನಲ್ಲಿ ಫಸಲು ಪೇಟೆಗೆ ಬಂದಾಗ 2,400 ರೂಪಾಯಿ ಬೆಂಬಲ ಬೆಲೆಯ ಕಾಳನ್ನು 1,600-1,800ಕ್ಕೆ ಕೇಳಿದರು. ರೈತರು ರಸ್ತೆಗಿಳಿಯಬೇಕಾಯಿತು.

ಹೀಗಾಗಲು ಕಾರಣ ಒಂದೇ ಅಲ್ಲ, ಒಳ್ಳೆಯ ಇಳುವರಿಯೂ ಸೇರಿತ್ತು. ಆದರೆ ಒಂದನ್ನು ಮಾತ್ರ ಇಲ್ಲಿ ಎತ್ತಿ ತೋರಿಸಬೇಕು. 2025ರ ಜನವರಿಯಲ್ಲಿ ಆಹಾರ ನಿಗಮದ ಅಕ್ಕಿಯನ್ನು ಕ್ವಿಂಟಲಿಗೆ 2,250 ರೂಪಾಯಿಯಂತೆ ಡಿಸ್ಟಿಲರಿಗಳಿಗೆ ಕೊಡಲು ನಿರ್ಧರಿಸಿದರು. ಒಂದು ಕ್ವಿಂಟಲ್ ಅಕ್ಕಿಯಿಂದ 45 ಲೀಟರಿನಷ್ಟು ಎಥನಾಲ್ ಇಳಿಯುತ್ತದೆ. ಗೋದಾಮಿನ ಅಕ್ಕಿ ಅಗ್ಗವಾಗಿ ಸಿಗುವಾಗ ಬೆಂಬಲ ಬೆಲೆ ಕೊಟ್ಟು ನಿಮ್ಮ ಜೋಳ ಕೊಳ್ಳುವ ಧರ್ಮಾತ್ಮ ಯಾರು? ಇಂಥ ಕಡೆ ಮೆಕ್ಕೆಜೋಳದವನಿಗೆ ಪೈಪೋಟಿ ಕೊಡುವುದು ಭತ್ತದವನ ಬೆಳೆಯೇ. ಹುದುಗಿನಿಂದ ಉಳಿದ ಒಣಗಿಸಿದ ಚರಟ ಪಶು ಆಹಾರವಾಗಿ ಮಾರಾಟಕ್ಕೆ ಬಂದು ಸೋಯಾ ಹಿಂಡಿಯ ಬೆಲೆಯನ್ನೂ ಕುಗ್ಗಿಸಿತು. ಬೀದರ, ಬೆಳಗಾವಿಯ ಸೋಯಾ ಬೆಳೆಗಾರರಿಗೆ ಅದರ ಬಿಸಿ ತಟ್ಟಿದೆ. ಹಸು ಕಟ್ಟಿದವರಿಗೆ ಒಂದು ಎಚ್ಚರಿಕೆ: ಬೂಷ್ಟು ಹಿಡಿದ ಕಾಳಿನಿಂದ ಬಂದ ಚರಟದಲ್ಲಿ ಬೂಷ್ಟಿನ ವಿಷ ಮೂಲ ಕಾಳಿಗಿಂತ ಸುಮಾರು ಮೂರು ಪಟ್ಟು ಸಾಂದ್ರವಾಗಿರುತ್ತದೆ, ಹಾಲಿಗೂ ಇಳಿಯುತ್ತದೆ. ಪರೀಕ್ಷೆಯ ಚೀಟಿಯಿಲ್ಲದ ಮಾಲನ್ನು ಅಗ್ಗವೆಂದು ತರಬೇಡಿ.

ಬೆಲೆಯ ಪಾಲಿನ ವಿಷಯ ಎಲ್ಲಕ್ಕಿಂತ ಮುಖ್ಯ. 2024-25ರಲ್ಲಿ ಕಬ್ಬಿನ ಹಾಲಿನ ಎಥನಾಲಿಗೆ ನಿಗದಿಯಾದ ದರ ಲೀಟರಿಗೆ 65 ರೂಪಾಯಿ 61 ಪೈಸೆ. ಒಂದು ಟನ್ನಿನ 70 ಲೀಟರಿಗೆ ಸುಮಾರು 4,590 ರೂಪಾಯಿಯಾಯಿತು. ಇದರ ಮೇಲೆ ಸಿಪ್ಪೆಯಿಂದ ತೆಗೆದ ವಿದ್ಯುತ್ತು ಬೇರೆ. ಕಾರ್ಖಾನೆಗೂ ಅರೆಯುವ ಖರ್ಚು, ಬಡ್ಡಿ, ಯಂತ್ರಗಳ ಸವಕಳಿ ಇವೆ, ಒಪ್ಪೋಣ. ಆದರೆ ರೈತನ ನ್ಯಾಯಬೆಲೆಯನ್ನು ಎಣಿಸುವುದು ಇಂದಿಗೂ ಸಕ್ಕರೆಯ ಇಳುವರಿಯ ಮೇಲೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲಿರುಳು ಕುಳಿತು ಟನ್ನಿಗೆ 3,500 ಕೇಳಿದರು, 3,300ಕ್ಕೆ ತೀರ್ಮಾನವಾಯಿತು. ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ ಶೇ. 70 ರೈತನಿಗೆ ಸಲ್ಲಬೇಕೆಂದು ರಂಗರಾಜನ್ ಸಮಿತಿ 2012ರಲ್ಲಿಯೇ ಹೇಳಿತ್ತು. ಈಗ ಎಥನಾಲ್ ಉಪ ಉತ್ಪನ್ನವಾಗಿಲ್ಲ, ಹಲವು ಕಾರ್ಖಾನೆಗಳಲ್ಲಿ ಅದೇ ಯಜಮಾನ. ಎಥನಾಲಿನ ಲೆಕ್ಕವನ್ನು ತೆರೆದಿಟ್ಟು ಅದರಲ್ಲಿ ಬೆಳೆಗಾರನ ಪಾಲನ್ನು ಕಾನೂನಿನಲ್ಲಿಯೇ ಬರೆಯಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ನಿಮ್ಮ ಸಂಘಗಳು ಟನ್ನಿನ ದರದ ಜೊತೆಗೆ ಈ ಲೆಕ್ಕವನ್ನೂ ಕೇಳಲಿ.

ಹಾಗಾದರೆ ಸಸ್ಯಜನ್ಯ ಇಂಧನವೇ ಬೇಡವೆ? ಹಾಗಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿದ್ದರು. ನಮ್ಮಲ್ಲಿ ಆ ಕೆಲಸಕ್ಕೆ ತಕ್ಕ ಎಣ್ಣೆ ಹೊಂಗೆಯದು. ಅದನ್ನು ತಿನ್ನುವಂತಿಲ್ಲ, ಆದ್ದರಿಂದ ಊಟದೊಡನೆ ಜಗಳವಿಲ್ಲ. ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಗೋಮಾಳದ ಅಂಚಿನಲ್ಲಿ ತಾನಾಗಿ ಬೆಳೆಯುತ್ತದೆ, ನೀರು ಕೇಳದು, ದನ ಮೇಯದು. ಬೇರಿನಲ್ಲಿ ಸಾರಜನಕ ಕಟ್ಟುತ್ತದೆ, ಸೊಪ್ಪು ಗದ್ದೆಗೆ ಹಸಿರೆಲೆ ಗೊಬ್ಬರ. ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ಜೈವಿಕ ಇಂಧನ ಉದ್ಯಾನ ಸ್ಥಾಪಿಸಿ ಹೊಂಗೆ, ಬೇವು, ಹಿಪ್ಪೆ, ಸೀಮರೂಬಗಳನ್ನು ರೈತರ ಬದುಗಳಿಗೆ ತಲುಪಿಸುವ ಕೆಲಸ ಹಿಡಿಯಿತು. ಹೊಲವನ್ನು ಬಿಟ್ಟು ಬದುವನ್ನು ಕೇಳಿದ ಆ ದಾರಿ ಸರಿಯಾದದ್ದು.

ಅದೇ ಕಾಲದಲ್ಲಿ ಜತ್ರೋಫಾ, ಅಂದರೆ ಕಾಡುಹರಳು, ಬಂಜರು ಭೂಮಿಯಲ್ಲಿ ಬಂಗಾರ ಬೆಳೆಯುತ್ತದೆಂದು 2003ರಿಂದ ದೇಶವೆಲ್ಲ ಪ್ರಚಾರ ನಡೆಯಿತು. ನೀರು ಗೊಬ್ಬರವಿಲ್ಲದೆ ಅದು ಬದುಕಿತೇ ಹೊರತು ಕಾಯಿ ಬಿಡಲಿಲ್ಲ. 2017ಕ್ಕೆ ಶೇ. 20 ಜೈವಿಕ ಡೀಸೆಲ್ ಎಂದು 2009ರ ನೀತಿ ಇಟ್ಟ ಗುರಿ ಕಾಗದದಲ್ಲೇ ಉಳಿಯಿತು. ಹೊಂಗೆಗೂ ಇಂಥ ಬಣ್ಣದ ಮಾತು ಕಟ್ಟುವುದು ಬೇಡ. ಗಿಡ ನೆಟ್ಟ ಐದಾರು ವರ್ಷ ಕಾಯಬೇಕು. ಕಾಯಿ ಆರಿಸಿ ಸಿಪ್ಪೆ ಬಿಡಿಸುವ ಕೂಲಿಯೇ ದೊಡ್ಡ ಖರ್ಚು. ಗಾಣದಲ್ಲಿ 4 ಕಿಲೋ ಬೀಜಕ್ಕೆ 1 ಲೀಟರಿನಷ್ಟು ಎಣ್ಣೆ. ಬೀಜಕ್ಕೆ ಕಿಲೋಗೆ 25 ರೂಪಾಯಿ ಹಿಡಿದರೂ ಲೀಟರಿಗೆ ಬೀಜದ ಬಾಬ್ತೇ 100 ರೂಪಾಯಿ. ಲೆಕ್ಕ ಕೂಡುವುದು ಹಿಂಡಿಯಿಂದ. ಉಳಿಯುವ ಸುಮಾರು 3 ಕಿಲೋ ಹಿಂಡಿಯಲ್ಲಿ ಶೇ. 4ರ ಆಸುಪಾಸು ಸಾರಜನಕವಿದೆ, ಅದನ್ನು ಮಾರದೆ ನಿಮ್ಮ ತೋಟಕ್ಕೇ ಹಾಕಿಕೊಳ್ಳಿ.

ಗಾಣದ ಹಸಿ ಎಣ್ಣೆಯನ್ನು ನೇರವಾಗಿ ಟ್ರ್ಯಾಕ್ಟರಿಗೆ ಸುರಿಯುವ ಸಾಹಸ ಬೇಡ. ಅದು ಮಂದ, ಇಂಜೆಕ್ಟರಿನ ಸಣ್ಣ ರಂಧ್ರಗಳಲ್ಲಿ ಕರಿ ಕಟ್ಟುತ್ತದೆ, ರಿಂಗುಗಳು ಅಂಟುತ್ತವೆ. ಮೆಥನಾಲ್ ಮತ್ತು ಕ್ಷಾರದೊಡನೆ ಕಾಯಿಸಿ, ಗ್ಲಿಸರಿನ್ ಬೇರ್ಪಡಿಸಿ, ತೊಳೆದು ಒಣಗಿಸಿದ ಮೇಲೆಯೇ ಅದು ಜೈವಿಕ ಡೀಸೆಲ್ ಆಗುವುದು. ಮೆಥನಾಲ್ ವಿಷ, ಬೆಂಕಿಗೂ ಬೇಗ ಸಿಗುತ್ತದೆ. ಇದನ್ನು ಮನೆಯ ಅಂಗಳದಲ್ಲಿ ಮಾಡದೆ ತರಬೇತಿ ಪಡೆದ ಸಹಕಾರ ಸಂಘದ ಘಟಕದಲ್ಲಿ ಮಾಡಬೇಕು.

ಹೊಂಗೆ ಕಾಯಿ ಬಲಿಯುವುದು ಬೇಸಿಗೆಯಲ್ಲಿ. ಮಳೆ ಬಿದ್ದು ನೆಲದಲ್ಲಿ ಒದ್ದೆಯಾಗುವ ಮೊದಲೇ ಬಡಿದು ಆರಿಸಿ, ಬೀಜವನ್ನು ಚೆನ್ನಾಗಿ ಒಣಗಿಸಿ ಗೋಣಿಚೀಲದಲ್ಲಿ ತುಂಬಿ ಹಲಗೆಯ ಮೇಲೆ ಇಡಿ. ತೇವ ಹಿಡಿದ ಬೀಜದ ಎಣ್ಣೆಯಲ್ಲಿ ಆಮ್ಲ ಏರಿ, ಡೀಸೆಲ್ ಮಾಡಹೊರಟಾಗ ಸಾಬೂನಾಗಿ ಕುಳಿತುಬಿಡುತ್ತದೆ. ಆಗ ಘಟಕದವರು ನಿಮ್ಮ ಚೀಲವನ್ನು ಹಿಂದಕ್ಕೆ ಕಳಿಸಿದರೆ ಅವರನ್ನು ದೂರುವಂತಿಲ್ಲ.