ಮನೆಪಾಠಕ್ಕೂ ಹೊರಗಿನ ಪರೀಕ್ಷಕ ಬೇಕು

ಪುಣೆಯ ಬಿಬವೇವಾಡಿಯ ಏರುರಸ್ತೆಗಳಲ್ಲಿ ಬೆಳಿಗ್ಗೆ ಆರೂವರೆಗೆಲ್ಲ ಶಾಲಾ ಬಸ್ಸು, ವ್ಯಾನುಗಳ ಓಡಾಟ ಶುರುವಾಗುತ್ತದೆ. ಆ ಹೊತ್ತಿಗೆ ನನಗೆ ಪರಿಚಯದ ಒಂದು ಕನ್ನಡ ಮನೆಯಲ್ಲಿ ದಿನದ ಮೊದಲ ಪಾಠ ಮುಗಿದಿರುತ್ತದೆ. ವಿಜಯಪುರದ ಕಡೆಯಿಂದ ಬಂದು ಪುಣೆಯಲ್ಲಿ ನೆಲೆನಿಂತ ಮಾಧ್ವ ಕುಟುಂಬ ಅದು. ತಂದೆ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ, ತಾಯಿ ಎಂಜಿನಿಯರಿಂಗ್ ಓದಿ ಕೆಲಸ ಬಿಟ್ಟವರು. ಹನ್ನೆರಡರ ಮಗನಾಗಲಿ ಒಂಬತ್ತರ ಮಗಳಾಗಲಿ ಶಾಲೆಗೆ ಹೋಗುವುದಿಲ್ಲ. ಮಗನ ಸಂಧ್ಯಾವಂದನೆ ಆದಮೇಲೆ ಇಬ್ಬರೂ ಕೂತು ಅಮರಕೋಶ ಬಾಯಿಪಾಠ ಮಾಡುತ್ತಾರೆ. ತಿಂಡಿಯಾದ ಮೇಲೆ ಗಣಿತ, ವಿಜ್ಞಾನ. ಮಧ್ಯಾಹ್ನ ಅಜ್ಜಿಯ ಬಳಿ ಕನ್ನಡ. ಹರಿಕಥಾಮೃತಸಾರದ ಪದ್ಯ ಬಿಡಿಸಿ ಓದುವುದು, ಅರ್ಥ ಬರೆಯುವುದು. ಪಠ್ಯಪುಸ್ತಕಗಳು ಬಾಲಭಾರತಿಯವು. ಗಡಿಭಾಗದ ಕನ್ನಡ ಶಾಲೆಗಳಿಗಾಗಿ ಮಹಾರಾಷ್ಟ್ರದ ಈ ಸಂಸ್ಥೆ ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಅಚ್ಚು ಹಾಕುತ್ತದೆ. ಅಂತರ್ಜಾಲದಲ್ಲಿ ಅವು ಉಚಿತವಾಗಿ ಸಿಗುತ್ತವೆ.

ಈ ಮನೆಯ ವೇಳಾಪಟ್ಟಿ ನಡೆಯುವುದು ಪಂಚಾಂಗದ ಮೇಲೆ. ಭಾನುವಾರ ರಾತ್ರಿ ತಾಯಿ ಗೋಡೆಯ ಪಂಚಾಂಗ ನೋಡಿಕೊಂಡು ಮುಂದಿನ ವಾರದ ಪುಟ ಬರೆಯುತ್ತಾರೆ. ಏಕಾದಶಿಯಂದು ಅಡುಗೆಯ ಕೆಲಸವಿಲ್ಲ, ಹಾಗಾಗಿ ಹೆಚ್ಚು ಹೊತ್ತು ಹಿಡಿಯುವ ಪಾಠಗಳು ಅಂದೇ. ದ್ವಾದಶಿಗೆ ನಸುಕಿನಲ್ಲೇ ಪಾರಣೆ. ಅಂದು ಪಾಠ ಶುರುವಾಗುವುದು ಹತ್ತಕ್ಕೆ. ಚಾತುರ್ಮಾಸ್ಯದ ಕೊನೆಯ ತಿಂಗಳು ದ್ವಿದಳ ವ್ರತ. ಮನೆಯಲ್ಲಿ ಬೇಳೆ ಬೇಯುವುದಿಲ್ಲ. ಆ ತಿಂಗಳಲ್ಲೇ ಮಗಳಿಗೆ ಬೀಜದ ಪಾಠ ಇಟ್ಟಿದ್ದರು. ನೆನೆಸಿದ ಕಡಲೆಯ ಸಿಪ್ಪೆ ಸುಲಿದು, ಎರಡು ಹೋಳು ಮಾಡಿ, ನಡುವೆ ಮಲಗಿದ್ದ ಮೊಳಕೆಯನ್ನು ಹುಡುಗಿ ಬೆರಳ ತುದಿಯಲ್ಲಿ ತೋರಿಸಿದಳು. ಪಕ್ಕದ ಬಟ್ಟಲಲ್ಲಿ ಜೋಳ, ಗೋಧಿ. ಯಾವುದನ್ನು ಈ ತಿಂಗಳು ತಿನ್ನಬಹುದು, ಯಾವುದನ್ನು ತಿನ್ನಬಾರದು, ಗಿಡದ ಲೆಕ್ಕದಲ್ಲಿ ಏಕೆ ಎಂದು ತಡವರಿಸದೆ ಹೇಳಿದಳು. ನಲವತ್ತು ಮಕ್ಕಳ ತರಗತಿಯಲ್ಲಿ ಇಂಥ ಪಾಠ ಸಿಗುವುದು ಅಪರೂಪ.

ಇಂಥ ಮನೆಗಳನ್ನು ಕಂದಾಚಾರಿಗಳ ಕೂಟ ಎಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮಗುವಿನ ದಿನವನ್ನು ಇಷ್ಟು ಅಕ್ಕರೆಯಿಂದ ಹೆಣೆಯುವ ತಂದೆತಾಯಿಯರಿಗೆ ಗೌರವ ಸಲ್ಲಬೇಕು. ಆದರೆ ಅಕ್ಕರೆ ಇದ್ದಲ್ಲಿ ಪರೀಕ್ಷೆ ಬೇಡ ಎನ್ನುವುದನ್ನೂ ಒಪ್ಪಲಾರೆ.

ಧರ್ಮದ ಪಾಠಕ್ಕೆ ಶಾಲೆ ಬಿಡಿಸಲೇಬೇಕು ಎಂದೇನೂ ಇಲ್ಲ ಎಂಬುದಕ್ಕೆ ಬಿಬವೇವಾಡಿಯೇ ಸಾಕ್ಷಿ. ಮಾರ್ಕೆಟ್‌ಯಾರ್ಡ್, ಗಂಗಾಧಾಮದ ಸುತ್ತ ಜೈನ ವ್ಯಾಪಾರಿ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿವೆ. ಅಲ್ಲಿನ ಮಕ್ಕಳು ಶಾಲೆ ಮುಗಿಸಿ ಸಂಜೆ ಪಾಠಶಾಲೆಗೆ ಹೋಗಿ ಪ್ರತಿಕ್ರಮಣದ ಸೂತ್ರಗಳನ್ನು ಕಲಿಯುತ್ತಾರೆ. ಪಕ್ಕದ ಕೋಂಢ್ವಾದಲ್ಲಿ ಶಾಲೆಯ ಜೊತೆಗೇ ಮಕ್ತಬ್‌ಗೆ ಹೋಗುವ ಮಕ್ಕಳಿದ್ದಾರೆ. ಹಾಗಿದ್ದೂ ಕೆಲವರು ಶಾಲೆಯನ್ನೇ ಬಿಡಿಸುತ್ತಾರೆ. ಕಾರಣ ಕೇಳಿದರೆ ಧರ್ಮದ ಜೊತೆಗೆ ದುಬಾರಿ ಶುಲ್ಕ, ಟ್ರಾಫಿಕ್‌ನಲ್ಲಿ ಕಳೆಯುವ ಗಂಟೆಗಳು, ಟ್ಯೂಷನ್ನಿನ ಗೀಳು ಎಲ್ಲವೂ ಬರುತ್ತವೆ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಮನೆಯಲ್ಲೂ ಕಲಿಸಬಹುದೆಂಬ ಧೈರ್ಯ ಬಂದವರೂ ಇದ್ದಾರೆ.

ಈ ಮಕ್ಕಳು ಕಾನೂನಿನ ಕಣ್ಣಿಗೆ ಯಾರು? 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್, 6ರಿಂದ 14 ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಸೇರಿಸದಿದ್ದರೆ ಶಿಕ್ಷೆ ಏನೆಂದು ಹೇಳುವುದಿಲ್ಲ. 2012ರ ತಿದ್ದುಪಡಿ ಮದರಸಾ, ವೇದ ಪಾಠಶಾಲೆಗಳಂತಹ, ಮುಖ್ಯವಾಗಿ ಧಾರ್ಮಿಕ ಬೋಧನೆಯ ಸಂಸ್ಥೆಗಳನ್ನು ಕಾಯ್ದೆಯಿಂದ ಹೊರಗಿಟ್ಟಿತು. ಮನೆಯ ಬಗ್ಗೆ ಚಕಾರವಿಲ್ಲ. ಅದೇ ವರ್ಷ ದೆಹಲಿ ಹೈಕೋರ್ಟ್‌ನಲ್ಲಿದ್ದ ಅರ್ಜಿಯೊಂದಕ್ಕೆ ಉತ್ತರವಾಗಿ ಕೇಂದ್ರ ಸರ್ಕಾರ, ಮನೆಯಲ್ಲೇ ಕಲಿಸುವವರಿಗೆ ಕಾಯ್ದೆ ಅಡ್ಡಿಯಲ್ಲ ಎಂದು ಮೊದಲು ಪ್ರಮಾಣಪತ್ರ ಸಲ್ಲಿಸಿತು, ನಂತರ ಆ ನಿಲುವಿನಿಂದ ಹಿಂದೆ ಸರಿಯಿತು. ಇಂದಿಗೂ ಮನೆಪಾಠ ಕಾನೂನುಬದ್ಧವೂ ಅಲ್ಲದ, ಅಪರಾಧವೂ ಅಲ್ಲದ ಸ್ಥಿತಿಯಲ್ಲಿದೆ. ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ವರ್ಷಕ್ಕೆ 220 ದಿನ, 1,000 ಗಂಟೆ ಬೋಧನೆ ಆಗಲೇಬೇಕೆಂದು ಶಾಲೆಗಳಿಗೆ ಲೆಕ್ಕ ಹಾಕಿಕೊಟ್ಟಿರುವ ಸರ್ಕಾರದ ಬಳಿ, ಮನೆಯಲ್ಲಿ ಓದುವ ಮಗು ಎಲ್ಲಿದೆ, ಏನು ಓದುತ್ತಿದೆ ಎಂಬ ಒಂದು ಸಾಲಿನ ದಾಖಲೆಯೂ ಇಲ್ಲ. ಇದನ್ನು ಪೋಷಕರು ಸ್ವಾತಂತ್ರ್ಯ ಎಂದುಕೊಂಡಿದ್ದಾರೆ. ನನಗೆ ಇದು ಹೊಣೆಗೇಡಿತನವಾಗಿ ಕಾಣುತ್ತದೆ.

ಏಕೆಂದರೆ ಧಾರ್ಮಿಕ ಮನೆಪಾಠದ ಶಕ್ತಿ ಏನು, ಅದು ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ಸಮಾಜ ಸುಧಾರಕಿ ಪಂಡಿತಾ ರಮಾಬಾಯಿಯವರ ಬದುಕು ನಮ್ಮ ಮುಂದಿದೆ. ಕರ್ನಾಟಕ ಮತ್ತು ಪುಣೆ ಎರಡಕ್ಕೂ ಸೇರಿದ ಬದುಕು ಅದು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಬಳಿಯ ಮಾಳದ ಕಡೆಯವರು. ಪುಣೆಯಲ್ಲಿ ಓದುವಾಗ, ತಮ್ಮ ಗುರುಗಳು ಪೇಶ್ವೆ ಎರಡನೇ ಬಾಜೀರಾಯನ ಪತ್ನಿಗೆ ಸಂಸ್ಕೃತ ಕಲಿಸುತ್ತಿದ್ದುದನ್ನು ಕಂಡು, ತಮ್ಮ ಹೆಂಡತಿಗೂ ಕಲಿಸಬೇಕೆಂದುಕೊಂಡರು. ಹೆಣ್ಣಿಗೆ ಸಂಸ್ಕೃತವೇ ಎಂದು ಊರು ಎದುರು ನಿಂತಿತು. ಉಡುಪಿಯ ಪಂಡಿತರ ಮುಂದೆ ಶಾಸ್ತ್ರಾಧಾರ ಕೊಟ್ಟು ವಾದಿಸಿದರು. ಆಮೇಲೆ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿದರು. 1858ರಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲಿ.

ತಂದೆಗೆ ವಯಸ್ಸಾಗಿತ್ತು. ಮಗಳಿಗೆ ಕಲಿಸಿದವರು ತಾಯಿ ಲಕ್ಷ್ಮೀಬಾಯಿ. ಹಗಲೆಲ್ಲ ಮನೆಗೆಲಸವಾದ್ದರಿಂದ ಬೆಳಕು ಹರಿಯುವ ಮುನ್ನವೇ ಮಗಳನ್ನು ಮುದ್ದಿಸಿ ಎಬ್ಬಿಸಿ ಪಾಠ ಹೇಳುತ್ತಿದ್ದರು. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಹುಡುಗಿಗೆ ಬಾಯಿಗೆ ಬಂದದ್ದು ಹೀಗೆ. ಯಾವ ಶಾಲೆಯೂ ಆ ಕಾಲದಲ್ಲಿ ಒಬ್ಬ ಹೆಣ್ಣುಮಗಳಿಗೆ ಕೊಡಲಾಗದ ವಿದ್ಯೆ ಅದು. ಪುಣೆಯ ಭಿಡೆ ವಾಡೆಯಲ್ಲಿ ಜ್ಯೋತಿಬಾ, ಸಾವಿತ್ರಿಬಾಯಿ ಫುಲೆ ದಂಪತಿ ಹೆಣ್ಣುಮಕ್ಕಳ ಶಾಲೆ ತೆರೆದು, ರಮಾಬಾಯಿ ಹುಟ್ಟುವ ಹೊತ್ತಿಗೆ ಹತ್ತು ವರ್ಷವಾಗಿತ್ತಷ್ಟೆ.

ಇದೇ ಮನೆಪಾಠದ ಇನ್ನೊಂದು ಮುಖವನ್ನು ರಮಾಬಾಯಿಯವರೇ ಮುಂದೆ ತಮ್ಮ ಆತ್ಮನಿವೇದನೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಹೊರಗಿನವರ ಸಂಪರ್ಕ ಮಕ್ಕಳಿಗೆ ಬೇಡ ಎಂಬುದು ತಂದೆತಾಯಿಯರ ನಿಲುವಾಗಿತ್ತು. ಸಂಸ್ಕೃತ ಬಿಟ್ಟು ಬೇರೆ ವಿದ್ಯೆಯನ್ನು ಪಾಠವಾಗಿ ಕಲಿಸಲು ಅವರು ಸಿದ್ಧರಿರಲಿಲ್ಲ. ಲೌಕಿಕ ವಿದ್ಯೆ ಮೋಕ್ಷದ ದಾರಿ ತಪ್ಪಿಸುತ್ತದೆ ಎಂಬ ನಂಬಿಕೆ. ಕಾಡಿನ ಮನೆ ಬಿಟ್ಟ ಕುಟುಂಬಕ್ಕೆ ಪುಣ್ಯಕ್ಷೇತ್ರಗಳಲ್ಲಿ ಪುರಾಣ ಓದುತ್ತ ಅಲೆಯುವುದೇ ಜೀವನೋಪಾಯ. 1870ರ ದಶಕದ ಬರ ಬಂದಾಗ ದಕ್ಷಿಣೆ ಕೊಡುವವರು ಇರಲಿಲ್ಲ. ಕೂಲಿ ಮಾಡಲು ಕಲಿತಿರಲಿಲ್ಲ, ಬೇಡಲು ಮನಸ್ಸು ಬರಲಿಲ್ಲ. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ತಂಗಿ ದೇಶದ ಉದ್ದಗಲ ನಡೆದು 1878ರಲ್ಲಿ ಕಲ್ಕತ್ತ ಮುಟ್ಟಿದರು. ಅಲ್ಲಿನ ವಿದ್ವಾಂಸರು ರಮಾಬಾಯಿಯನ್ನು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ತಾಯಿ ಹೇಳಿಕೊಟ್ಟ ಪಾಠಕ್ಕೆ ಲೋಕದಲ್ಲಿ ಬೆಲೆ ಬಂದದ್ದು ಆ ಮನೆಯವರಲ್ಲದ ಪರೀಕ್ಷಕರು ಪ್ರಶ್ನೆ ಕೇಳಿದ ಮೇಲೆ.

ಅವರ ಮುಂದಿನ ನಡೆಗಳಲ್ಲಿ ಈ ಬಾಲ್ಯದ ಪಾಠ ಎದ್ದು ಕಾಣುತ್ತದೆ. 1882ರಲ್ಲಿ ಪುಣೆಯಲ್ಲಿ, ಶಿಕ್ಷಣ ಕುರಿತ ಹಂಟರ್ ಆಯೋಗದ ಮುಂದೆ ಹೇಳಿಕೆ ಕೊಟ್ಟು ಶಿಕ್ಷಕಿಯರು, ವೈದ್ಯೆಯರು ಬೇಕೆಂದರು. ಪುಣೆ ಬಳಿಯ ಕೇಡಗಾಂವ್‌ನಲ್ಲಿ ಮುಕ್ತಿ ಸದನ ಎಂಬ ಆಶ್ರಯಧಾಮ ಕಟ್ಟಿದಾಗ ಅಲ್ಲಿನ ಹೆಣ್ಣುಮಕ್ಕಳಿಗೆ ಅಕ್ಷರದ ಜೊತೆ ನೇಯ್ಗೆ, ಅಚ್ಚುಕೂಟ, ಹೈನುಗಾರಿಕೆಯನ್ನೂ ಕಲಿಸಿದರು. 1912ರಲ್ಲಿ ಕಲಬುರಗಿಯಲ್ಲೂ ಶಾಲೆ ತೆರೆದರು. ಇನ್ನೊಂದು ಸಂಗತಿ ಧರ್ಮನಿಷ್ಠ ಪೋಷಕರಿಗೆ ಕಹಿಯೆನಿಸಿದರೂ ಹೇಳಲೇಬೇಕು: 1883ರಲ್ಲಿ ರಮಾಬಾಯಿ ಇಂಗ್ಲೆಂಡಿನಲ್ಲಿ ಕ್ರೈಸ್ತ ಮತ ಸ್ವೀಕರಿಸಿದರು. ಲೋಕದ ಸಂಪರ್ಕವೇ ಬೇಡವೆಂದು ಬೆಳೆಸಿದ ಮಗಳು ತಂದೆಯ ಧರ್ಮದಲ್ಲೇ ಉಳಿಯಲಿಲ್ಲ. ಮಗು ಮುಂದೆ ಏನನ್ನು ನಂಬಬೇಕು ಎಂಬುದನ್ನು ವೇಳಾಪಟ್ಟಿಯಲ್ಲಿ ಬರೆದಿಡಲು ಬರುವುದಿಲ್ಲ.

ಲೋಕದಲ್ಲಿ ಈ ಪ್ರಶ್ನೆಗೆ ಒಂದೊಂದು ದೇಶ ಒಂದೊಂದು ಉತ್ತರ ಕಂಡುಕೊಂಡಿದೆ. ಜರ್ಮನಿ ಮನೆಪಾಠವನ್ನು ಒಪ್ಪುವುದಿಲ್ಲ. ಧಾರ್ಮಿಕ ಕಾರಣಕ್ಕೆ ಮಕ್ಕಳನ್ನು ಮನೆಯಲ್ಲೇ ಓದಿಸಬಯಸಿದ ಕ್ರೈಸ್ತ ಪೋಷಕರ ಅರ್ಜಿಯನ್ನು ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ 2006ರಲ್ಲಿ ತಳ್ಳಿಹಾಕಿತು. ಅಮೆರಿಕದ ಸುಪ್ರೀಂ ಕೋರ್ಟ್ 1972ರಲ್ಲಿ, ಎಂಟನೇ ತರಗತಿಯ ನಂತರ ಮಕ್ಕಳನ್ನು ಶಾಲೆಗೆ ಕಳಿಸದಿರಲು ಆಮಿಷ್ ಪಂಥದವರಿಗೆ ಧರ್ಮದ ಹೆಸರಿನಲ್ಲಿ ಅನುಮತಿ ಕೊಟ್ಟಿತು. ಆ ಪ್ರಕರಣದಲ್ಲಿ ನ್ಯಾಯಮೂರ್ತಿ ಡಗ್ಲಸ್ ಭಿನ್ನಮತದ ತೀರ್ಪಿನಲ್ಲಿ ಎತ್ತಿದ ಪ್ರಶ್ನೆ ಸರಳವಾದುದು: ಮಗುವನ್ನು ಯಾರಾದರೂ ಕೇಳಿದಿರಾ? ನಮಗೆ ಜರ್ಮನಿಯ ಬಿಗಿಯೂ ಬೇಡ, ಅಮೆರಿಕದ ಎಷ್ಟೋ ರಾಜ್ಯಗಳ ಸಡಿಲವೂ ಬೇಡ. ಡಗ್ಲಸ್ ಅವರ ಪ್ರಶ್ನೆ ಮಾತ್ರ ಬೇಕು.

ಹೊರಗಿನವರ ಪರೀಕ್ಷೆ ನಮ್ಮ ಸಂಪ್ರದಾಯಕ್ಕೆ ಹೊಸದೇನಲ್ಲ. ಬಿಬವೇವಾಡಿಯ ಆ ಮನೆಯವರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ಮಾಧ್ವ ಮಠಗಳಲ್ಲಿ ನ್ಯಾಯಸುಧಾ ಓದಿ ಮುಗಿಸಿದ ವಿದ್ಯಾರ್ಥಿ ಸುಧಾಮಂಗಳದ ವಿದ್ವತ್ಸಭೆಯಲ್ಲಿ ಎದ್ದುನಿಂತು ಉತ್ತರ ಕೊಡಬೇಕು. ಪುಣೆಯ ವೇದಶಾಸ್ತ್ರೋತ್ತೇಜಕ ಸಭೆ 1875ರಿಂದ ವೇದ, ಶಾಸ್ತ್ರಗಳ ಪರೀಕ್ಷೆಗೆ ಹೆಸರಾಗಿದೆ. ಎಲ್ಲೋ ಯಾವುದೋ ಗುರುವಿನ ಬಳಿ ಕಲಿತವರು ಇಲ್ಲಿ ಬಂದು, ತಮಗೆ ಪರಿಚಯವಿಲ್ಲದ ಪಂಡಿತರೆದುರು ಕೂತು ಒಪ್ಪಿಸುತ್ತಾರೆ. ವೇದಕ್ಕೆ ಅನ್ಯರ ಪರೀಕ್ಷೆ ಒಪ್ಪಿಗೆಯಾದರೆ ಗಣಿತಕ್ಕೂ ಮರಾಠಿಗೂ ಏಕಾಗಬಾರದು?

ಎಲ್ಲರೂ ನೋಡಿಯೂ ಮಾತನಾಡದ ವಿಷಯ ಒಂದಿದೆ, ತಾಯಿಯ ದುಡಿಮೆ. ಮನೆಪಾಠದ ಯೋಜನೆ ಎಂದರೆ ಬಹುತೇಕ ಒಬ್ಬ ಹೆಂಗಸಿನ ಯೋಜನೆ. ಮಡಿ, ನೈವೇದ್ಯ, ಹಬ್ಬದಡುಗೆ, ಅತ್ತೆಯ ಔಷಧಿ, ಇವುಗಳ ನಡುವೆ ಭಿನ್ನರಾಶಿಯ ಲೆಕ್ಕ ಹೇಳಿಕೊಡುವವರು ಅವರೇ. ತಿಂಗಳ ಮೂರು ದಿನ ಅವರು ದೂರ ಕೂರುವ ಮನೆಗಳಲ್ಲಿ ಪಾಠದ ಗಾಡಿ ಹಳಿ ತಪ್ಪುತ್ತದೆ. ಜ್ವರ ಬಂದರಂತೂ ಬದಲಿ ಶಿಕ್ಷಕಿ ಇಲ್ಲ. ಲಕ್ಷ್ಮೀಬಾಯಿ ಬೆಳಕು ಹರಿಯುವ ಮುನ್ನ ಏಳಬೇಕಾಗಿದ್ದು ಬೇರೆ ಹೊತ್ತು ಸಿಗದ್ದರಿಂದ. ನೂರೈವತ್ತು ವರ್ಷಗಳ ನಂತರವೂ ಅದೇ ಲೆಕ್ಕ ನಡೆದಿದೆ. ಹೆಣ್ಣುಮಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅಣ್ಣ ಸಂಧ್ಯಾವಂದನೆಗೆ ಕೂತಾಗ ತಂಗಿ ಹೂ ಬಿಡಿಸುವುದು ಚೆಂದ. ಅಣ್ಣ ಬೀಜಗಣಿತ ಬಿಡಿಸುವಾಗಲೂ ಅವಳು ಸೊಪ್ಪು ಬಿಡಿಸುತ್ತಿದ್ದರೆ ಅದನ್ನು ಗೃಹವಿಜ್ಞಾನದ ಪಾಠ ಎಂದು ಪುಸ್ತಕದಲ್ಲಿ ಬರೆಯಬಾರದು.

ಮಾಡಬೇಕಾದದ್ದು ಕಷ್ಟದ್ದೇನಲ್ಲ, ವ್ಯವಸ್ಥೆ ಅರ್ಧ ಸಿದ್ಧವಿದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, ಮೂರು, ಐದು, ಎಂಟನೇ ತರಗತಿಗೆ ಸಮನಾದ ಎ, ಬಿ, ಸಿ ಹಂತಗಳನ್ನು ನಡೆಸುತ್ತದೆ. ಹದಿನಾಲ್ಕು ತುಂಬಿದವರಿಗೆ ಹತ್ತನೇ ತರಗತಿಯ ಪರೀಕ್ಷೆ ಇದೆ. ಮಹಾರಾಷ್ಟ್ರದಲ್ಲಿ ಖಾಸಗಿಯಾಗಿ ಎಸ್‌ಎಸ್‌ಸಿಗೆ ಕೂರುವವರ ‘ಹದಿನೇಳು ನಂಬರ್ ಫಾರ್ಮ್’ ಪುಣೆಯಲ್ಲಿ ಮನೆಮಾತು. ಇವೆಲ್ಲ ಈಗ ಪೋಷಕರ ಇಚ್ಛೆಗೆ ಬಿಟ್ಟದ್ದು. ಮಹಾರಾಷ್ಟ್ರ, ಕರ್ನಾಟಕ ಸರ್ಕಾರಗಳು ಮನೆಪಾಠವನ್ನು ಸ್ಪಷ್ಟ ಮಾತಿನಲ್ಲಿ ಒಪ್ಪಿಕೊಂಡು, ಪ್ರತಿ ಮಗುವಿನ ಹೆಸರನ್ನು ವಾರ್ಡಿನ ಮಟ್ಟದಲ್ಲಿ ನೋಂದಾಯಿಸಬೇಕು. ಎ, ಬಿ, ಸಿ ಹಂತಗಳನ್ನು ಕಡ್ಡಾಯ ಮಾಡಬೇಕು. ವರ್ಷಕ್ಕೊಮ್ಮೆ ಒಬ್ಬ ಶಿಕ್ಷಕಿ, ಪೋಷಕರು ಎದುರಿಗಿಲ್ಲದಾಗ, ಮಗುವಿನ ಜೊತೆ ಕೂತು ಮಾತನಾಡಬೇಕು. ಯಾವ ದೇವರನಾಮ ಹಾಡುತ್ತೀರಿ, ಯಾವ ಗ್ರಂಥ ಓದುತ್ತೀರಿ ಎಂದು ಕೇಳುವ ಅಧಿಕಾರ ಆ ಶಿಕ್ಷಕಿಗೆ ಇರಕೂಡದು. ನಿನಗೆ ಶಾಲೆಗೆ ಹೋಗುವ ಆಸೆ ಇದೆಯಾ, ಗೆಳೆಯರು ಯಾರು ಎಂದು ಕೇಳುವ ಅಧಿಕಾರ ಇರಲೇಬೇಕು.

ಸರ್ಕಾರ ಇದನ್ನು ಮಾಡುವವರೆಗೆ ಪೋಷಕರು ಕಾಯಬೇಕಿಲ್ಲ. ಮಕ್ಕಳನ್ನು ಮನೆಯಲ್ಲಿ ಓದಿಸುತ್ತಿರುವ ಕನ್ನಡದ ತಂದೆತಾಯಿಯರಲ್ಲಿ ನನ್ನ ವಿನಂತಿ ಇಷ್ಟೆ: ಮಗನ ಜೊತೆಗೆ ಮಗಳ ಹೆಸರನ್ನೂ ಅವರವರ ವಯಸ್ಸಿಗೆ ತಕ್ಕ ಹಂತದ ಪರೀಕ್ಷೆಗೆ ಈ ವರ್ಷವೇ ಬರೆಸಿ. ಬೇರೆ ಮನೆಯ, ಬೇರೆ ನಂಬಿಕೆಯ ಮಕ್ಕಳ ಜೊತೆ ಆಡುವ ಹೊತ್ತನ್ನು ವಾರದ ಪುಟದಲ್ಲಿ ಪಾಠದ ಸಾಲಿಗೇ ಸೇರಿಸಿ. ಆ ಪುಟ ಬರೆಯುವ ಕೆಲಸವನ್ನು ತಾಯಿಯೊಬ್ಬರಿಗೇ ಬಿಡದೆ ತಂದೆಯೂ ಹಂಚಿಕೊಳ್ಳಲಿ.