ಕೆಲಸ ಹುಡುಕುವ ವೀಸಾ ಬೇರೆ, ಅಲ್ಲೇ ನೆಲೆಸುವ ಪರವಾನಗಿ ಬೇರೆ

"ಜರ್ಮನಿಗೆ ಹೋಗಿ, ಒಂದೇ ವರ್ಷದಲ್ಲಿ ಪಿಆರ್ ಪಡೆಯಿರಿ!" ಇಂಥ ಬ್ಯಾನರುಗಳು ಈಗ ತಾಲೂಕು ಬಸ್ ನಿಲ್ದಾಣದವರೆಗೂ ಬಂದಿವೆ. ವಾಟ್ಸಾಪ್‌ನಲ್ಲಂತೂ ದಿನಕ್ಕೆರಡು. ಬಿ.ಇ. ಮುಗಿಸಿದ ಮಗನಿಗೆ ಇಲ್ಲಿ ಕೆಲಸವಿಲ್ಲವೆಂದು ಕೊರಗುವ ಅಪ್ಪ ಅಮ್ಮ ಪಹಣಿ ಹಿಡಿದು ಬ್ಯಾಂಕಿಗೆ ಅಲೆಯುವುದನ್ನು ನಾವು ನೋಡುತ್ತಿದ್ದೇವೆ. ಅದಕ್ಕೇ ನೇರವಾಗಿ ಹೇಳುತ್ತೇವೆ: ಆ ಬ್ಯಾನರು ಸುಳ್ಳು.

2024ರ ಜೂನ್ 1ರಿಂದ ಜರ್ಮನಿ 'ಆಪರ್ಚುನಿಟಿ ಕಾರ್ಡ್' ಕೊಡುತ್ತಿದೆ. ಕೆಲಸ ಕೈಯಲ್ಲಿಲ್ಲದೆಯೂ ಅಲ್ಲಿಗೆ ಹೋಗಿ ಒಂದು ವರ್ಷದವರೆಗೆ ಹುಡುಕಲು ಇದು ಅನುಮತಿ, ಅಷ್ಟೇ. ಎಪಿಎಂಸಿ ಗೇಟು ದಾಟಿದ ಮಾತ್ರಕ್ಕೆ ಈರುಳ್ಳಿ ಮಾರಾಟವಾಗಿಬಿಡುತ್ತದೆಯೇ?

ಕಾರ್ಡಿಗೂ ಲೆಕ್ಕವಿದೆ. ಮಾನ್ಯವಾದ ಪದವಿ ಅಥವಾ ಕನಿಷ್ಠ ಎರಡು ವರ್ಷದ ವೃತ್ತಿ ತರಬೇತಿ ಬೇಕು. ಜೊತೆಗೆ ಜರ್ಮನ್ ಎ1 ಇಲ್ಲವೇ ಇಂಗ್ಲಿಷ್ ಬಿ2 ಮಟ್ಟ ಬೇಕು. ಆಮೇಲೆ ಆರು ಅಂಕ ಕೂಡಿಸಬೇಕು. 35 ದಾಟದವರಿಗೆ 2, ಕಳೆದ ಐದು ವರ್ಷದಲ್ಲಿ ಎರಡು ವರ್ಷದ ಅನುಭವಕ್ಕೆ 2, ಜರ್ಮನ್ ಬಿ1 ಇದ್ದರೆ 2. ಇದನ್ನು ಮನೆಯಲ್ಲೇ ಕೂತು ಬೆರಳಲ್ಲಿ ಎಣಿಸಬಹುದು. ಅರ್ಜಿಯನ್ನು ಆನ್‌ಲೈನ್‌ನಲ್ಲಿ ನೀವೇ ಹಾಕಬಹುದು. ವೀಸಾ ಶುಲ್ಕ 75 ಯೂರೋ. ಇದಕ್ಕೆ ಲಕ್ಷಗಟ್ಟಲೆ 'ಪ್ರೊಸೆಸಿಂಗ್ ಫೀ' ಯಾಕೆ?

ಇನ್ನು ಖರ್ಚಿಗೆ ಹಣ ತೋರಿಸಬೇಕು. 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೋ, ವರ್ಷಕ್ಕೆ 13,092 ಯೂರೋ. ನಮ್ಮ ದುಡ್ಡಿನಲ್ಲಿ ಹದಿಮೂರು ಲಕ್ಷದ ಆಸುಪಾಸು. ಇದು ನಿಮ್ಮದೇ ಹಣ. ನಿಮ್ಮ ಹೆಸರಿನ ಖಾತೆಯಲ್ಲಿದ್ದು ತಿಂಗಳು ತಿಂಗಳು ಬಿಡುಗಡೆಯಾಗುತ್ತದೆ. ಕನ್ಸಲ್ಟೆನ್ಸಿಗೆ ಕೊಟ್ಟಿದ್ದು ಮಾತ್ರ ಹೋದ ಹಾಗೆಯೇ. ಈ ಎರಡನ್ನೂ ಒಂದೇ ಮೊತ್ತವೆಂಬಂತೆ ಹೇಳುವವರನ್ನು ನಂಬಬೇಡಿ.

ನಿಜವಾದ ಕಷ್ಟ ವಿಮಾನ ಇಳಿದ ಮೇಲೆ. ಈ ಕಾರ್ಡಿನಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಗೋದಾಮಿನಲ್ಲಿ ಪ್ಯಾಕಿಂಗ್ ಮಾಡಿ, ಊಟ ಡೆಲಿವರಿ ಕೊಟ್ಟು ಬಾಡಿಗೆ ತೆರಬಹುದು, ಆದರೆ ಆ ಕೆಲಸ ತೋರಿಸಿ ನುರಿತ ಉದ್ಯೋಗಿಯ ನಿವಾಸ ಪರವಾನಗಿ ಪಡೆಯಲಾಗದು. ಅದಕ್ಕೆ ಬೇಕಿರುವುದು ಕೌಶಲದ ಕೆಲಸದ ಕರಾರು ಪತ್ರ, ಜರ್ಮನಿಯಲ್ಲಿ ಮಾನ್ಯವಾಗುವ ಪದವಿ. 'ಇಯು ಬ್ಲೂ ಕಾರ್ಡ್' ಬೇಕಾದರೆ ಸಂಬಳದ ಮಿತಿಯೂ ಇದೆ. 2025ರಲ್ಲಿ ಅದು ವರ್ಷಕ್ಕೆ 48,300 ಯೂರೋ. ಕೊರತೆಯಿರುವ ವೃತ್ತಿಗಳಿಗೆ ಮಿತಿ ಸ್ವಲ್ಪ ಕಡಿಮೆ.

ಕರಾರು ಸಿಕ್ಕರೆ ಊರಿಗೆ ವಾಪಸ್ ಬರಬೇಕಿಲ್ಲ. ಅಲ್ಲಿನ ವಿದೇಶಿಯರ ಕಚೇರಿಯಲ್ಲೇ, ಕಾರ್ಡಿನ ಅವಧಿ ಮುಗಿಯುವ ಮೊದಲು, ಅರ್ಜಿ ಹಾಕಬೇಕು. ಹೊಸ ಅನುಮತಿ ಕೈಗೆ ಬರುವ ತನಕ ಪೂರ್ಣಾವಧಿ ಕೆಲಸಕ್ಕೆ ಸೇರುವಂತಿಲ್ಲ. ಕೊನೆಯ ತಿಂಗಳವರೆಗೆ ಕಾದು ಕೂತವರಿಗೆ ಇದೇ ಉರುಳು.

ಪಿಆರ್ ಇನ್ನೂ ದೂರ. ಬ್ಲೂ ಕಾರ್ಡ್ ಇದ್ದವರಿಗೆ 27 ತಿಂಗಳ ಕೆಲಸವಾಗಬೇಕು, ಜರ್ಮನ್ ಬಿ1 ಬಂದರೆ 21. ಹಾಗಿದ್ದಾಗ 'ಒಂದೇ ವರ್ಷದಲ್ಲಿ ಪಿಆರ್' ಎಂದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿ, ಅದಕ್ಕೂ ಮೊದಲೇ ದುಡ್ಡು ವಸೂಲಿ ಮಾಡಿದಂತೆ.

ಹೋಗಬೇಡಿ ಎನ್ನುತ್ತಿಲ್ಲ. ಜರ್ಮನಿಗೆ ಜನ ಬೇಕಾಗಿದ್ದಾರೆ. ಭಾರತದ ನುರಿತ ಕೆಲಸಗಾರರಿಗೆ ವರ್ಷಕ್ಕೆ 20,000 ಇದ್ದ ವೀಸಾ ಸಂಖ್ಯೆಯನ್ನು 90,000ಕ್ಕೆ ಏರಿಸುವುದಾಗಿ ಆ ದೇಶ 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ಹಳ್ಳಿಯ ಮಕ್ಕಳೂ ಹೋಗಲಿ. ಆದರೆ ಭಾಷೆ ಕಲಿತು, ಪದವಿಯ ಮಾನ್ಯತೆ ನೋಡಿಕೊಂಡು, ಇಲ್ಲಿಂದಲೇ ಅರ್ಜಿ ಹಾಕಿ ನಾಲ್ಕಾರು ಸಂದರ್ಶನ ಕೊಟ್ಟು ಹೋಗಲಿ. ಕನ್ಸಲ್ಟೆನ್ಸಿಗೆ ಕೊಡುವ ದುಡ್ಡಿನಲ್ಲಿ ಬಿ1ವರೆಗೆ ಜರ್ಮನ್ ಕಲಿಯಬಹುದು. ಕರಾರು ಪತ್ರಕ್ಕೆ ದಾರಿ ಮಾಡುವುದು ಆ ಭಾಷೆಯೇ ಹೊರತು ಏಜೆಂಟ್ ಅಲ್ಲ.

ಸರ್ಕಾರಕ್ಕೂ ಒಂದು ಮಾತು. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶದಲ್ಲಿ ಕೆಲಸ ಕೊಡಿಸುವ ಏಜೆಂಟರು ನೋಂದಣಿ ಮಾಡಿಸಿರಬೇಕು. ಜಿಎಸ್‌ಟಿ ಬಿಟ್ಟು 30,000 ರೂಪಾಯಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. ನೋಂದಾಯಿತರ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿದೆ. 'ನಾವು ಕೆಲಸ ಕೊಡಿಸುವವರಲ್ಲ, ಬರೀ ಸಲಹೆಗಾರರು' ಎಂದು ಹೇಳಿ ನುಣುಚಿಕೊಳ್ಳುವವರಿಗೆ ಕಡಿವಾಣ ಯಾರು ಹಾಕುತ್ತಾರೆ? ಪ್ರತಿ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಕನ್ನಡದ ಒಂದು ಪುಟದ ಮಾಹಿತಿ ಹಚ್ಚಲು ಎಷ್ಟು ಖರ್ಚಾದೀತು?

ಅಲ್ಲಿಯವರೆಗೆ ಯಾರಾದರೂ "ಪಿಆರ್ ಗ್ಯಾರಂಟಿ" ಎಂದರೆ ಒಂದೇ ಪ್ರಶ್ನೆ ಕೇಳಿ: "ಕರಾರು ಪತ್ರ ಯಾವ ಕಂಪನಿಯದ್ದು, ತೋರಿಸಿ." ತೋರಿಸಲಾಗದಿದ್ದರೆ ಪಹಣಿ ಮಡಚಿ ಜೇಬಿಗಿಟ್ಟುಕೊಂಡು ಎದ್ದು ಬನ್ನಿ.